ಸ್ಕ್ಯಾನರಿಗೆ ಹಚ್ಚಿದ ಕುಂಕುಮ

ಶಾಂತಕ್ಕ ಸ್ಕ್ಯಾನ್ ಮಾಡಿದ ಚಿತ್ರಗಳನ್ನು ಹಾಳು ಮಾಡಿದವನು ನಾನು. ಅವರ ಕೈಯಲ್ಲ, ಅವರ ಯಂತ್ರವಲ್ಲ, ಖಂಡೇನವಮಿಯ ದಿನ ಅವರು ಆ ಯಂತ್ರಕ್ಕೆ ಹಚ್ಚಿದ ಕುಂಕುಮವೂ ಅಲ್ಲ. ನಾನು. ಇದು ನನಗೆ ಚಿತ್ರಗಳು ಕೆಟ್ಟದ್ದು ಕಂಡ ದಿನ ಮಧ್ಯಾಹ್ನವೇ ಗೊತ್ತಾಗಿತ್ತು. ಸಂಜೆ ಅವರು ಬಂದು ತಪ್ಪು ತಮ್ಮದೆಂದಾಗ ಎಲ್ಲ ಗೊತ್ತಿದ್ದೂ ಸುಮ್ಮನಿದ್ದೆ — ಸುಮ್ಮನಿದ್ದೆ ಎನ್ನುವುದೂ ಪೂರ್ತಿ ನಿಜವಲ್ಲ, ಒಂದು ಮಾತು ಆಡಿದೆ. ಆ ಮಾತಿಗೆ ಆಮೇಲೆ ಬರುತ್ತೇನೆ. ಇದೆಲ್ಲ ನಡೆದು ಈಗ ಏಳು ವರ್ಷ.

ಕಂಪ್ಯೂಟರಿನ ಗಂಧಗಾಳಿ ಇಲ್ಲದವರಿಗೂ ಅರ್ಥವಾಗುವ ಹಾಗೆ ಬರೆಯಬೇಕೆಂದುಕೊಂಡಿದ್ದೇನೆ. ಯಾಕೆಂದರೆ ಯಾರಿಗೂ ಅರ್ಥವಾಗದ ಹಾಗೆ ಮಾತಾಡಿಯೇ ನಾನು ಅವತ್ತು ಪಾರಾದದ್ದು.

ನಾವು ನಾಗಪುರದ ಕನ್ನಡದವರು. ಅಪ್ಪ ರೈಲ್ವೆಯಲ್ಲಿದ್ದರು, ಹುಬ್ಬಳ್ಳಿಯಿಂದ ವರ್ಗವಾಗಿ ಬಂದು ಪ್ರತಾಪ ನಗರದಲ್ಲಿ ಬಾಡಿಗೆ ಮನೆ ಹಿಡಿದಿದ್ದರು. ನಾನು ಶಾಲೆ ಕಲಿತದ್ದು ಮರಾಠಿಯಲ್ಲಿ. ಕನ್ನಡ ಓದಲು ಕಲಿತದ್ದು ಮನೆಯಲ್ಲಿ, ಅದೂ ಬೈಸಿಕೊಂಡು. ಎರಡು ಮನೆ ಆಚೆ ಶಾಂತಕ್ಕನ ಮನೆ. ಅವರ ಯಜಮಾನರು ಆರ್ಡ್‌ನನ್ಸ್ ಫ್ಯಾಕ್ಟರಿಯಲ್ಲಿ ಫಿಟ್ಟರ್, ತವರು ಇಳಕಲ್ಲು, ವಿದ್ಯಾ ಎಂಬ ಒಬ್ಬಳೇ ಮಗಳು. ನಿವೃತ್ತಿಯಾದ ಮೇಲೆ ಅಪ್ಪ-ಅಮ್ಮ ಹುಬ್ಬಳ್ಳಿಗೆ ಮರಳಿದರು, ನಾನು ನೌಕರಿಗಾಗಿ ಇಲ್ಲೇ ಉಳಿದೆ. ಅಂದಿನಿಂದ ಭಾನುವಾರದ ಊಟ ಶಾಂತಕ್ಕನ ಮನೆಯಲ್ಲಿ. ಜೋಳದ ರೊಟ್ಟಿ, ಝುಣಕ, ಹಸಿ ಉಳ್ಳಾಗಡ್ಡಿ. ನಾನು ಬರುವುದು ತಡವಾದರೆ ವಿದ್ಯಾಳನ್ನು ಓಡಿಸಿ ಕರೆಸುತ್ತಿದ್ದರು. ಯಾರ ಅನ್ನ ತಿಂದು ಯಾರಿಗೆ ಏನು ಮಾಡಿದೆ ಎನ್ನುವುದು ಗೊತ್ತಿರಲೆಂದು ಇದನ್ನು ಬರೆಯುತ್ತಿದ್ದೇನೆ, ಬೇರೆ ಯಾವ ಕಾರಣಕ್ಕೂ ಅಲ್ಲ.

ಶಾಂತಕ್ಕ ನಲವತ್ನಾಲ್ಕನೇ ವಯಸ್ಸಿನಲ್ಲಿ ಕಂಪ್ಯೂಟರ್ ಕ್ಲಾಸಿಗೆ ಸೇರಿದರು. ಮಗಳ ವಯಸ್ಸಿನ ಹುಡುಗಿಯರ ನಡುವೆ ಕೂತು ಆರು ತಿಂಗಳು ಕಲಿತರು. ಕೋರ್ಸ್ ಮುಗಿದ ದಿನ ಪ್ರಮಾಣಪತ್ರವನ್ನು ದೇವರ ಮುಂದಿಟ್ಟು, ನನ್ನನ್ನು ಕರೆದು ತೋರಿಸಿದರು. "ನಿಮ್ಮ ಆಫೀಸಿನ್ಯಾಗ ಏನರೆ ಸಣ್ಣ ಕೆಲಸ ಇದ್ರ ನೋಡ ತಮ್ಮಾ. ಕಲತದ್ದು ಮರತ ಹೋಗಬಾರದು," ಅಂದರು. ಅದಕ್ಕೆ ಮೊದಲು ಅವರು ಮನೆಯಲ್ಲಿ ಕೂತು ಓಣಿಯ ಹೆಂಗಸರ ಸೀರೆಗೆ ಫಾಲ್ ಹಚ್ಚಿಕೊಡುತ್ತಿದ್ದರು.

ನಮ್ಮ ಆಫೀಸು ಲಕ್ಷ್ಮೀ ನಗರದಲ್ಲಿತ್ತು. ಕೆಳಗೆ ಔಷಧದ ಅಂಗಡಿ, ಮೇಲೆ ಮೂರು ಕೋಣೆ, ಐದು ಜನ. ಮಾಲೀಕರು ದೇವಧರ ಸಾಹೇಬರು. ಒಳ್ಳೆಯವರು, ಆದರೆ ಕಂಪ್ಯೂಟರಿನ ವಿಷಯದಲ್ಲಿ ನಾನು ಹೇಳಿದ್ದೇ ಅವರಿಗೆ ವೇದ. ಎರಡು ಸಾವಿರದ ಎರಡನೇ ಇಸವಿಯಲ್ಲಿ ನಾಗಪುರದ ಹತ್ತಿರದ ಕಾಮಠಿಯ ಒಂದು ನೇಕಾರರ ಸಂಘದಿಂದ ನಮಗೊಂದು ಕೆಲಸ ಬಂತು. ಅವರ ಹತ್ತಿರ ಸೀರೆಯ ಅಂಚು-ಸೆರಗಿನ ನಕಾಶೆಗಳ ಹಳೆಯ ಆಲ್ಬಮ್‌ಗಳಿದ್ದವು. ಚೌಕುಳಿ ಹಾಳೆಯ ಒಂದೊಂದು ಮನೆಗೂ ಕೈಯಿಂದ ಬಣ್ಣ ತುಂಬಿ ಬರೆದವು, ಎರಡು-ಮೂರು ತಲೆಮಾರಿನವು. ಅವನ್ನೆಲ್ಲ ಸ್ಕ್ಯಾನ್ ಮಾಡಬೇಕು. ನೇಕಾರ ಪರದೆಯ ಮೇಲೆ ನೋಡಿ ಆರಿಸಿಕೊಳ್ಳುವಂತೆ ಒಂದು ಪ್ರೋಗ್ರಾಮ್ ಮಾಡಿಕೊಡಬೇಕು. ಪ್ರೋಗ್ರಾಮ್ ನನ್ನ ಪಾಲಿನದು. ಸ್ಕ್ಯಾನಿಂಗಿಗೆ ಶಾಂತಕ್ಕನನ್ನು ನಾನೇ ಕರೆತಂದೆ. ಈ ಕೆಲಸ ಸರಿಯಾಗಿ ಮುಗಿದರೆ ಕಾಯಂ ಮಾಡುತ್ತೇನೆಂದು ಸಾಹೇಬರು ಅವರಿಗೆ ಮಾತು ಕೊಟ್ಟರು.

ಅವರು ಆ ಕೆಲಸವನ್ನು ಪ್ರೀತಿಸಿದ ಹಾಗೆ ಆಫೀಸಿನಲ್ಲಿ ಯಾರೂ ಯಾವ ಕೆಲಸವನ್ನೂ ಪ್ರೀತಿಸಲಿಲ್ಲ. ಹಾಳೆಗಳು ಸ್ಕ್ಯಾನರಿನ ಗಾಜಿಗಿಂತ ದೊಡ್ಡವು, ಆದ್ದರಿಂದ ಒಂದೊಂದನ್ನೂ ಎರಡು ಸಲ ಇಡಬೇಕು. ಹಳೆಯ ಕಾಗದ, ಅಂಚು ಮುಟ್ಟಿದರೆ ಪುಡಿ. ಅವರು ಎರಡೂ ಅಂಗೈ ಕೆಳಗೆ ಕೊಟ್ಟು ಎತ್ತುತ್ತಿದ್ದರು. ಮನೆಯಲ್ಲಿ ನನಗೆ ತಮ್ಮಾ ಎನ್ನುವವರು ಆಫೀಸಿನಲ್ಲಿ ತಪ್ಪದೆ ಸರ್ ಎನ್ನುತ್ತಿದ್ದರು. ನಾನು ಬೇಡವೆಂದರೂ ಕೇಳಲಿಲ್ಲ.

"ಸರ್, ಇದು ನಮ್ಮ ಗೋಮಿ ದಡಿ ಆಗೇತಿ ನೋಡ್ರಿ," ಎಂದು ಒಂದು ದಿನ ಕರೆದು ಇಳಕಲ್ ಸೀರೆಯಂಥದೇ ಒಂದು ಅಂಚನ್ನು ತೋರಿಸಿದರು. "ಇಲ್ಲಿ ಹೆಸರು ಬ್ಯಾರೆ ಇಟ್ಟಾರ, ಅಷ್ಟ. ನಮ್ಮವ್ವನ ಸೀರಿದು ಹಿಂಗ ಇತ್ತು."

ಮೊದಲ ದಿನ ನಾನು ಅವರಿಗೆ ಹೇಳಿದ್ದೆ, ಪ್ರತಿಯೊಂದು ಚಿತ್ರವನ್ನೂ ಸ್ಕ್ಯಾನ್ ಆದ ಕೂಡಲೇ ತೆರೆದು ನೋಡಬೇಕು, ಅದರ ಹೆಸರು, ತಾರೀಖು, ಎಷ್ಟು ಬೈಟ್ ಆಯಿತು ಅಂದರೆ ಫೈಲು ಎಷ್ಟು ದೊಡ್ಡದು ಎಂಬುದನ್ನು ನೋಟ್‌ಬುಕ್ಕಿನಲ್ಲಿ ಬರೆಯಬೇಕು ಎಂದು. ದೊಡ್ಡವನ ಹಾಗೆ ಹೇಳಿದ್ದೆ. ಹೇಳಿ ಮರೆತೂ ಬಿಟ್ಟಿದ್ದೆ. ಅವರು ಮಾತ್ರ ಒಂದು ದಿನವೂ ತಪ್ಪಿಸಲಿಲ್ಲ.

ಈಗ ನನ್ನ ಪಾಲಿನ ಕೆಲಸ. ನಾನು ಒಂದು ಹಳೆಯ ಯಂತ್ರಕ್ಕೆ ಲಿನಕ್ಸ್ ಹಾಕಿ ಅದರಲ್ಲಿ ಸಿ.ವಿ.ಎಸ್. ಎಂಬ ವ್ಯವಸ್ಥೆಯನ್ನು ಕೂರಿಸಿದ್ದೆ. ಬರೆದ ಪ್ರೋಗ್ರಾಮಿನ ಪ್ರತಿಯೊಂದು ಆವೃತ್ತಿಯನ್ನೂ ಅದು ಜೋಪಾನ ಮಾಡುತ್ತದೆ — ಯಾರು ಬದಲಿಸಿದರು, ಯಾವಾಗ, ಯಾಕೆ, ಎಲ್ಲ. ಅಂಥದ್ದು ನಮ್ಮ ಸುತ್ತಮುತ್ತ ಯಾವ ಆಫೀಸಿನಲ್ಲೂ ಇಲ್ಲವೆಂದು ನನಗೆ ಭಾರೀ ಜಂಬ. ಗೋಡೆಗೆ ಒಂದು ಚೀಟಿಯನ್ನೂ ಅಂಟಿಸಿದ್ದೆ: ಸಿ.ವಿ.ಎಸ್.ಗೆ ಹೋಗದ ಕೆಲಸ ಕೆಲಸವೇ ಅಲ್ಲ. ಚಿತ್ರಗಳೂ ಅದರೊಳಗೇ ಇರಲಿ ಎಂದವನು ನಾನೇ. ಶಾಂತಕ್ಕನಿಗೆ ಸುಲಭವಾಗಲೆಂದು ನಾಲ್ಕು ಸಾಲಿನ ಒಂದು ಬ್ಯಾಚ್ ಫೈಲ್ ಬರೆದುಕೊಟ್ಟೆ. ಸಂಜೆ ಅದರ ಮೇಲೆ ಎರಡು ಸಲ ಒತ್ತಿದರೆ ಆ ದಿನದ ಚಿತ್ರಗಳೆಲ್ಲ ಸಿ.ವಿ.ಎಸ್.ಗೆ ಹೋಗುತ್ತಿದ್ದವು. ಶನಿವಾರ ನಾನು ಅವರ ಯಂತ್ರದಲ್ಲಿದ್ದ ಮೂಲ ಚಿತ್ರಗಳನ್ನು ಅಳಿಸಿ ಜಾಗ ಮಾಡುತ್ತಿದ್ದೆ. ಒಳಗೆ ಭದ್ರವಾಗಿವೆಯಲ್ಲ, ಹೊರಗೆ ಯಾಕೆ?

ಭದ್ರವಾಗಿರಲಿಲ್ಲ.

ಸಿ.ವಿ.ಎಸ್. ಹುಟ್ಟಿದ್ದು ಅಕ್ಷರಗಳ ಫೈಲಿಗಾಗಿ, ಸಾಲು ಸಾಲಾಗಿ ಬರೆದ ಬರಹಕ್ಕಾಗಿ. ವಿಂಡೋಸ್ ಯಂತ್ರ ಒಂದು ಸಾಲು ಮುಗಿದಲ್ಲಿ ಎರಡು ಗುರುತು ಇಡುತ್ತದೆ, ಲಿನಕ್ಸ್ ಒಂದೇ ಗುರುತು ಇಡುತ್ತದೆ. ಫೈಲು ಒಳಗೆ ಹೋಗುವಾಗ ಸಿ.ವಿ.ಎಸ್. ಎರಡನ್ನು ಒಂದು ಮಾಡುತ್ತದೆ, ಹೊರಗೆ ಬರುವಾಗ ಒಂದನ್ನು ಎರಡು ಮಾಡುತ್ತದೆ. ಬರಹಕ್ಕೆ ಇದರಿಂದ ಉಪಕಾರವೇ. ಆದರೆ ಚಿತ್ರದಲ್ಲಿ ಸಾಲುಗಳಿಲ್ಲ. ಅಲ್ಲಿರುವುದು ಬಣ್ಣಗಳ ಅಂಕಿ. ಆ ಅಂಕಿಗಳ ನಡುವೆ ಸಾಲಿನ ಗುರುತಿನಂಥದೇ ಅಂಕಿ ಬಂದರೆ ಅದು ಸಾಲಿನ ಕೊನೆಯಲ್ಲ, ಸುಮ್ಮನೆ ಒಂದು ಬಣ್ಣ. ಸಿ.ವಿ.ಎಸ್.ಗೆ ಅದು ತಿಳಿಯುವುದಿಲ್ಲ. ಅದು ಚಿತ್ರವನ್ನೂ ಪತ್ರವೆಂದುಕೊಂಡು ತಿದ್ದುತ್ತಾ ಹೋಗುತ್ತದೆ, ಒಂದೊಂದು ಚಿತ್ರದಲ್ಲಿ ಸಾವಿರಾರು ಕಡೆ. ಹೀಗೆ ಆಗದಿರಲು ಫೈಲು ಸೇರಿಸುವಾಗಲೇ ಇದು ಬೈನರಿ, ಅಂದರೆ ಬರಹವಲ್ಲ, ಮುಟ್ಟಬೇಡ ಎಂದು ಹೇಳಬೇಕು. ಹೇಳಲು ಬೇಕಾದದ್ದು ಎರಡೇ ಅಕ್ಷರ, ಕೆ ಮತ್ತು ಬಿ. ಆ ಎರಡು ಅಕ್ಷರ ನನ್ನ ಬ್ಯಾಚ್ ಫೈಲಿನಲ್ಲಿ ಇರಲಿಲ್ಲ. ಗೊತ್ತಿರಲಿಲ್ಲ ಎಂದು ಬರೆಯಲು ಕೈ ಹೋಗುತ್ತಿದೆ — ಆದರೆ ಕೈಪಿಡಿಯ ಆ ಪುಟ ನಾನು ಓದಿದ್ದೆ. ಬೈನರಿ ಫೈಲುಗಳ ಬಗ್ಗೆ ಒಂದು ಪೂರ್ತಿ ಅಧ್ಯಾಯವಿತ್ತು. ನಾವು ಹಾಕುವುದು ಪ್ರೋಗ್ರಾಮ್ ತಾನೆ, ಆಮೇಲೆ ನೋಡಿದರಾಯಿತು ಎಂದು ಪುಟ ತಿರುವಿದ್ದೆ.

ಆ ವರ್ಷದ ಖಂಡೇನವಮಿಗೆ ಆಫೀಸಿನಲ್ಲಿ ಆಯುಧಪೂಜೆ ಮಾಡೋಣವೆಂದು ಸೂಚಿಸಿದವನೂ ನಾನೇ. ಮರಾಠಿಯವರು ದಸರೆಯ ದಿನ ಮಾಡುತ್ತಾರೆ, ನಮ್ಮ ಮನೆಗಳಲ್ಲಿ ಒಂದು ದಿನ ಮೊದಲು. ನಮ್ಮ ಕಡೆಯಂತೆ ನೀವೇ ಮಾಡಿ ಅಕ್ಕಾ ಎಂದೆ. ಶಾಂತಕ್ಕ ಬೆಳಿಗ್ಗೆ ಬೇಗ ಬಂದು ನೆಲ ಒರೆಸಿ, ಎಲ್ಲ ಯಂತ್ರಗಳಿಗೂ ಚೆಂಡುಹೂ ಏರಿಸಿ, ಅರಿಶಿನ-ಕುಂಕುಮ ಹಚ್ಚಿದರು. ಸ್ಕ್ಯಾನರಿನ ಮುಚ್ಚಳದ ಮೇಲೆ ಮಾತ್ರ ಐದು ಬೊಟ್ಟು. ಅದಕ್ಕೇ ಯಾಕೆ ಇಷ್ಟು ಎಂದು ಯಾರೋ ಕೇಳಿದಾಗ, "ನನ್ನ ಆಯುಧ ಅದ ಅಲ್ಲೇನ್ರಿ," ಎಂದು ನಕ್ಕರು. ನಾವೆಲ್ಲ ಕೈ ಮುಗಿದು ಪೇಢೆ ತಿಂದೆವು.

ದೀಪಾವಳಿ ಮುಗಿದ ಮೇಲೆ ಸ್ಕ್ಯಾನಿಂಗ್ ಮುಗಿಯಿತು. ಸಂಘದ ಆಲ್ಬಮ್‌ಗಳನ್ನು ನೋಡಿಕೊಳ್ಳುತ್ತಿದ್ದ ಅನ್ಸಾರಿ ಚಾಚಾ ಬಂದು ಅವನ್ನು ಬಟ್ಟೆಯಲ್ಲಿ ಸುತ್ತಿ ಕಾಮಠಿಗೆ ಒಯ್ದರು. ಒಂದು ವಾರಕ್ಕೆ ಸಂಘದವರ ಎದುರು ಪ್ರದರ್ಶನವಿತ್ತು. ಸೋಮವಾರ ಬೆಳಿಗ್ಗೆ ನಾನು ಸಾಹೇಬರ ಯಂತ್ರಕ್ಕೆ ಸಿ.ವಿ.ಎಸ್.ನಿಂದ ಎಲ್ಲವನ್ನೂ ಇಳಿಸಿದೆ. ಚಿತ್ರಗಳನ್ನು ಹೀಗೆ ಹೊರಗೆ ತೆಗೆದದ್ದು ಅದೇ ಮೊದಲ ಸಲ. ಮೂರು ತಿಂಗಳಲ್ಲಿ ಒಂದನ್ನಾದರೂ ತೆಗೆದು ನೋಡಬಹುದಿತ್ತು, ನೋಡಿರಲಿಲ್ಲ.

ಕೆಲವು ತೆರೆಯಲೇ ಇಲ್ಲ. ತೆರೆದವುಗಳಲ್ಲಿ ಮೇಲಿನ ಖಾಲಿ ಅಂಚು ಒಂದು ಬೆರಳಗಲ ಸರಿಯಾಗಿತ್ತು. ಅದರ ಕೆಳಗೆ ನಕಾಶೆ ಓರೆಯಾಗಿ ಜಾರುತ್ತಾ ಹೋಗಿ, ಬಣ್ಣ ಒಂದಕ್ಕೊಂದು ಕಲಸಿಕೊಂಡು, ನಡುನಡುವೆ ಕೆಂಪು ಗೀರುಗಳು. ಹತ್ತು ತೆರೆದೆ, ಇಪ್ಪತ್ತು ತೆರೆದೆ. ಎಲ್ಲವೂ ಹಾಗೆಯೇ. ಸಾಹೇಬರು ಹಿಂದೆ ನಿಂತು ನೋಡುತ್ತಿದ್ದರು. ಸ್ಕ್ಯಾನರ್ ಕೆಟ್ಟಿತ್ತೇ ಎಂದು ಕೇಳಿದರು. ನೋಡಿ ಹೇಳುತ್ತೇನೆ ಎಂದೆ. ಸಂಜೆಯೊಳಗೆ ಕಾರಣ ಬೇಕು ಎಂದು ಹೇಳಿ ಹೊರಗೆ ಹೋದರು.

ಮಧ್ಯಾಹ್ನ ಎಲ್ಲರೂ ಡಬ್ಬಿ ಬಿಚ್ಚಿದಾಗ ನಾನು ಶಾಂತಕ್ಕನ ಯಂತ್ರದಲ್ಲಿ ಕೈಗೆ ಸಿಕ್ಕ ಒಂದು ಕಾಗದವನ್ನು ಸ್ಕ್ಯಾನ್ ಮಾಡಿದೆ. ತೆರೆದು ನೋಡಿದೆ, ಸ್ವಚ್ಛವಾಗಿತ್ತು. ಅದನ್ನೇ ಸಿ.ವಿ.ಎಸ್.ಗೆ ಹಾಕಿ ಹೊರತೆಗೆದೆ. ಕೆಟ್ಟಿತ್ತು. ಮೊದಲಿನದಕ್ಕಿಂತ ಕೆಲವು ಸಾವಿರ ಬೈಟ್ ದೊಡ್ಡದಾಗಿತ್ತು. ತಿರುವಿಹಾಕಿದ್ದ ಆ ಪುಟ ಆ ಕ್ಷಣ ನೆನಪಾಯಿತು. ಮೇಜಿನ ಮೇಲಿದ್ದ ಶಾಂತಕ್ಕನ ನೋಟ್‌ಬುಕ್ ತೆಗೆದೆ. ದಸರೆಗೆ ಎರಡು ತಿಂಗಳು ಮೊದಲು ಸ್ಕ್ಯಾನ್ ಮಾಡಿದ ಚಿತ್ರಗಳ ಬೈಟ್‌ಗಳನ್ನು ಅವರು ದುಂಡು ಅಕ್ಷರದಲ್ಲಿ ಬರೆದಿದ್ದರು. ಸಿ.ವಿ.ಎಸ್.ನಿಂದ ಬಂದ ಅದೇ ಚಿತ್ರಗಳನ್ನು ಅದಕ್ಕೆ ಹೋಲಿಸಿದೆ. ಒಂದೂ ತಾಳೆಯಾಗಲಿಲ್ಲ. ಅವರ ಕೈಯಿಂದ ಹೋಗುವಾಗ ಎಲ್ಲವೂ ಸರಿಯಿದ್ದವು ಎಂಬುದಕ್ಕೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಿರಲಿಲ್ಲ.

ಮತ್ತೆ ಹಿಂದಕ್ಕೆ ತಿದ್ದಲು ಆಗುತ್ತದೆಯೇ ಎಂದೂ ನೋಡಿದೆ. ಯಾವ ಗುರುತು ಮೊದಲೇ ಎರಡಾಗಿತ್ತು, ಯಾವುದು ಒಂದೇ ಇತ್ತು ಎಂದು ಹೇಳಲು ಈಗ ದಾರಿಯಿರಲಿಲ್ಲ.

ಆಗ ನನಗೆ ಇದ್ದ ಭಯವಾದರೂ ಎಷ್ಟು ದೊಡ್ಡದು? ಸಾಹೇಬರು ನನ್ನನ್ನು ಕೆಲಸದಿಂದ ತೆಗೆಯುತ್ತಿರಲಿಲ್ಲ, ನಾನಿಲ್ಲದೆ ಅವರಿಗೆ ನಡೆಯುತ್ತಿರಲಿಲ್ಲ. ಬೈಯುತ್ತಿದ್ದರು. ಗೋಡೆಯ ಮೇಲಿನ ಆ ಚೀಟಿಯನ್ನು ನೋಡಿ ಉಳಿದವರು ಹಿಂದಿನಿಂದ ನಗುತ್ತಿದ್ದರು. ಅಷ್ಟೇ. ಅಷ್ಟಕ್ಕಾಗಿ — ಇನ್ನೊಬ್ಬರು ಕಳೆದುಕೊಂಡದ್ದನ್ನು ಇದರ ಪಕ್ಕದಲ್ಲಿಟ್ಟು ನೋಡಿದಾಗೆಲ್ಲ ನನಗೆ ನನ್ನ ಮೇಲೆ ಹೇಸಿಗೆ ಬರುತ್ತದೆ. ಜೀವ ಉಳಿಸಿಕೊಳ್ಳಲು ಸುಳ್ಳು ಹೇಳಿದವನಿಗೂ ಒಂದು ಮರ್ಯಾದೆಯಿದೆ. ನಾನು ನಗೆಪಾಟಲಾಗಬಾರದೆಂದು ಹೇಳಿದೆ.

ಆದರೂ ಒಪ್ಪಿಕೊಳ್ಳಬೇಕೆಂದೇ ಇದ್ದೆ. ಇದ್ದೆನೇ? ಹಾಗೆಂದು ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಈಗ ಗಟ್ಟಿಯಾಗಿ ಹೇಳಲಾರೆ. ನಾಲ್ಕು ಗಂಟೆಯ ಸುಮಾರಿಗೆ ಶಾಂತಕ್ಕ ನನ್ನ ಮೇಜಿನ ಹತ್ತಿರ ಬಂದರು. ಮುಖ ಬಾಡಿತ್ತು, ಡಬ್ಬಿ ಬಿಚ್ಚಿರಲಿಲ್ಲ. ಆಫೀಸಿನಲ್ಲಿ ಎಂದೂ ಸರ್ ಎನ್ನುವುದನ್ನು ಮರೆಯದವರು ಅವತ್ತು ಮರೆತರು.

"ತಮ್ಮಾ, ತಪ್ಪು ನಂದ ಐತಿ ಕಾಣ್ಸತೈತಿ. ಖಂಡೇ ಪೂಜಾದಾಗ ನಾ ಕುಂಕುಮ ಹಚ್ಚಿದ್ನೆಲ್ಲ, ಅದು ಗಾಜಿನ ಒಳಗ ಹೋಗಿ ಕುಂತಿತ್ತೇನೋ. ಆ ಚಿತ್ರದಾಗ ಕೆಂಪ ಕೆಂಪ ಕಾಣಾಕತ್ತೈತಿ ನೋಡು. ಹೋದ ವಾರ ಅರಬಿ ತೊಗೊಂಡು ಛಲೋತ್ನಾಗಿ ಒರಸೀನಿ, ಅದಕ್ಕ ಮಧ್ಯಾಹ್ನ ನೀ ತಗದದ್ದು ಬರೋಬರ್ ಬಂದೈತಿ. ಹೌದಲ್ಲ?"

ನಾನು ಅವರನ್ನು ನೋಡಿದೆ. ಅವರು ಒಂದೊಂದು ಚಿತ್ರವನ್ನೂ ತೆರೆದು ನೋಡಿದ್ದರು, ಆ ಕಣ್ಣು ಸುಳ್ಳು ಹೇಳುವ ಕಣ್ಣಲ್ಲ. ಆದರೆ ಇಪ್ಪತ್ತೇಳು ವರ್ಷದ ಒಬ್ಬ ಕಂಪ್ಯೂಟರ್ ಪಂಡಿತನ ಮುಖ ನೋಡಿ, ತಾವು ಕಂಡದ್ದನ್ನೇ ಅವರು ನಂಬದಾಗಿದ್ದರು.

"ಇರಬಹುದ್ರಿ, ಅಕ್ಕಾ," ಎಂದೆ.

ಇದೇ ಆ ಮಾತು. ಹೌದು ಎನ್ನಲಿಲ್ಲ, ಇಲ್ಲ ಎನ್ನಲಿಲ್ಲ. ಪೂರಾ ಸುಳ್ಳು ಹೇಳುವ ಧೈರ್ಯವೂ ಇಲ್ಲದವನ ಮಾತು.

ಅಷ್ಟರಲ್ಲಿ ಸಾಹೇಬರು ಬಾಗಿಲಲ್ಲಿ ನಿಂತಿದ್ದರು. ಕನ್ನಡ ಬರದಿದ್ದರೂ ಕುಂಕುಮ ಎಂಬುದು ಅವರ ಕಿವಿಗೆ ಬಿದ್ದಿತ್ತು. "ಕಾಯ್ ಝಾಲಂ?" ಎಂದು ನನ್ನನ್ನೇ ಕೇಳಿದರು. ಏನಾಯಿತೆಂದು ನಾನು ಮರಾಠಿಯಲ್ಲಿ ಹೇಳಬೇಕಾಯಿತು. ಪೂಜೆಯ ಕುಂಕುಮ ಸ್ಕ್ಯಾನರಿನೊಳಗೆ ಹೋಗಿದೆ, ಅದರಿಂದ ಚಿತ್ರಗಳು ಕೆಟ್ಟಿವೆ, ಈಗ ಒರೆಸಿದ್ದಾರೆ ಎಂದೆ. ಅಕ್ಕನ ಮಾತಿನಲ್ಲಿದ್ದ ಅನುಮಾನ ನನ್ನ ಮರಾಠಿಯಲ್ಲಿ ಇರಲಿಲ್ಲ. ಇಪ್ಪತ್ತು ವರ್ಷದಿಂದ ನಾಗಪುರದಲ್ಲಿದ್ದ ಶಾಂತಕ್ಕನಿಗೆ ಮರಾಠಿ ನನ್ನಷ್ಟೇ ಚೆನ್ನಾಗಿ ಬರುತ್ತಿತ್ತು. ಪಕ್ಕದಲ್ಲೇ ನಿಂತು ಎಲ್ಲ ಕೇಳಿಸಿಕೊಂಡು ತಲೆಯಾಡಿಸಿದರು. ದಸರೆಗೆ ಮೊದಲಿನ ಚಿತ್ರಗಳು ಯಾಕೆ ಕೆಟ್ಟವು ಎಂದು ಒಬ್ಬರಾದರೂ ಕೇಳಿದ್ದರೆ — ಯಾರೂ ಕೇಳಲಿಲ್ಲ. ಕಾರಣ ಸಿಕ್ಕಿತಲ್ಲ, ಎಲ್ಲರಿಗೂ ಸಮಾಧಾನವಾಗಿತ್ತು.

ಮನೆಗೆ ಹೊರಡುವಾಗ ನೋಟ್‌ಬುಕ್ಕನ್ನು ನನ್ನ ಚೀಲಕ್ಕೆ ಹಾಕಿಕೊಂಡೆ. ಅದರಲ್ಲಿ ತಾರೀಖುಗಳಿದ್ದವು. ಅದೇ ವಾರ ಹಳೆಯ ಪೇಪರಿನ ಜೊತೆ ರದ್ದಿಯವನಿಗೆ ಹಾಕಿದೆ. ಇದನ್ನು ಆ ಗಳಿಗೆಯ ದೌರ್ಬಲ್ಯ ಎನ್ನಲು ಬರುವುದಿಲ್ಲ, ನಾಲ್ಕು ದಿನ ಯೋಚಿಸಿ ಮಾಡಿದ್ದು. ಅದಕ್ಕೂ ಮೊದಲೇ, ಮಂಗಳವಾರ ಬೆಳಿಗ್ಗೆಯೇ, ಬ್ಯಾಚ್ ಫೈಲಿಗೆ ಕೆ ಮತ್ತು ಬಿ ಸೇರಿಸಿದ್ದೆ. ಏನು ಬದಲಿಸಿದಿರಿ ಎಂದು ಸಿ.ವಿ.ಎಸ್. ಕೇಳುತ್ತದೆ, ಕಾರಣ ಬರೆಯಬೇಕು. ಸಣ್ಣ ತಿದ್ದುಪಡಿ ಎಂದು ಬರೆದೆ.

ಪ್ರದರ್ಶನ ಮುಂದಕ್ಕೆ ಹೋಯಿತು. ಅನ್ಸಾರಿ ಚಾಚಾ ಆಲ್ಬಮ್‌ಗಳನ್ನು ಮತ್ತೆ ಹೊತ್ತು ತಂದರು. "ಬೇಟಾ, ಕಾಗಜ್ ಬೂಢಾ ಹೋ ಗಯಾ ಹೈ. ಬಾರ್ ಬಾರ್ ಮತ್ ಉಠಾವೋ," ಎಂದು ನನಗೇ ಹೇಳಿದರು, ಮುಪ್ಪಾದ ಕಾಗದವನ್ನು ಪದೇಪದೇ ಎತ್ತಬೇಡಿರೆಂದು. ಎರಡನೇ ಸಲದ ಎತ್ತಾಟದಲ್ಲಿ ಕೆಲವು ಹಾಳೆಗಳು ಮಡಿಕೆಯಲ್ಲಿ ಹರಿದವು, ಎರಡು ಪೂರ್ತಿ ಪುಡಿಯಾದವು. ಅವುಗಳ ನಕಾಶೆ ಈಗ ಎಲ್ಲೂ ಇಲ್ಲ. ಆ ಪುಡಿಯನ್ನು ಶಾಂತಕ್ಕ ಒಂದು ಲಕೋಟೆಗೆ ತುಂಬಿ, ಚಾಚಾನ ಕೈಗೆ ಕೊಟ್ಟು, ಕ್ಷಮೆ ಕೇಳಿದರು. ನಾನು ಅಲ್ಲೇ ಇದ್ದೆ.

ಆರು ವಾರ ಅವರು ಮತ್ತೆ ಅಷ್ಟೂ ಹಾಳೆಗಳನ್ನು ಸ್ಕ್ಯಾನ್ ಮಾಡಿದರು. ಭಾನುವಾರವೂ ಬಂದರು. ಭಾನುವಾರ ನಾನೂ ಹೋಗಿ ಹಾಳೆ ಹಿಡಿಯುತ್ತಿದ್ದೆ. ಪ್ರಾಯಶ್ಚಿತ್ತವೆಂದುಕೊಂಡೆನೇ, ಅಥವಾ ಅವರು ಏನಾದರೂ ಕಂಡುಹಿಡಿಯದಂತೆ ಕಾಯುತ್ತಿದ್ದೆನೇ — ಎರಡೂ ಇತ್ತು. ಶ್ರೀಧರ ತನ್ನ ರಜೆ ಬಿಟ್ಟು ನನಗೆ ಕೈಜೋಡಿಸುತ್ತಾನೆ ಎಂದು ಅವರು ನನ್ನ ಬಗ್ಗೆ ಓಣಿಯ ತುಂಬ ಹೇಳಿಕೊಂಡು ಬಂದರು. ಸ್ಕ್ಯಾನರನ್ನು ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ, ಸಂಜೆ ಒಮ್ಮೆ ಒರೆಸುತ್ತಿದ್ದರು. ಹಣೆಯ ಕುಂಕುಮ ಉದುರಬಾರದೆಂದು ಆಫೀಸಿಗೆ ಬರುವಾಗ ಅಂಟಿಸುವ ಬಿಂದಿ ಇಟ್ಟುಕೊಂಡು ಬರತೊಡಗಿದರು.

ಎರಡನೇ ಸಲ ಚಿತ್ರಗಳು ಸರಿಯಾಗಿ ಬಂದವು. ಬರಲೇಬೇಕಲ್ಲ, ಬ್ಯಾಚ್ ಫೈಲು ಸರಿಯಾಗಿತ್ತು. "ದುಸ್ರ್ಯಾಂದಾ ಬರೋಬರ್ ಆಲಂ ನಾ?" ಎಂದರು ಸಾಹೇಬರು, ಎಲ್ಲರಿಗೂ ಕೇಳುವ ಹಾಗೆ. ಎರಡನೇ ಸಲ ಸರಿ ಬಂತೆಂದರೆ ಮೊದಲ ಸಲದ ತಪ್ಪು ಯಾರದು ಎನ್ನುವುದು ಇತ್ಯರ್ಥವಾದ ಹಾಗೆ. ಶಾಂತಕ್ಕನಿಗೆ ಅಲ್ಲಿಯವರೆಗೆ ಎಲ್ಲೋ ಒಂದಿಷ್ಟು ಅನುಮಾನ ಇದ್ದಿರಬಹುದು, ತಾನು ಪ್ರತಿಯೊಂದನ್ನೂ ತೆರೆದು ನೋಡಿದ್ದೆನಲ್ಲ ಎಂದು. ಅವತ್ತಿಗೆ ಅದೂ ಹೋಯಿತು. ನಾನು ಗುಟ್ಟಾಗಿ ಮಾಡಿದ ಸರಿಯಾದ ಕೆಲಸವೇ ಅವರ ತಪ್ಪಿಗೆ ಪುರಾವೆಯಾಯಿತು.

ಕಾಯಂ ಮಾಡುವ ಮಾತನ್ನು ಸಾಹೇಬರು ಮತ್ತೆ ಎತ್ತಲಿಲ್ಲ, ಶಾಂತಕ್ಕನೂ ಕೇಳಲಿಲ್ಲ. ಆ ತಿಂಗಳ ಕೊನೆಗೆ ತಾವಾಗಿಯೇ ಬಿಟ್ಟರು. ಬಿಡುವ ದಿನ ನನ್ನ ಹತ್ತಿರ ಬಂದು, "ನಿನಗ ಕೆಟ್ಟ ಹೆಸರ ತಂದ್ನೆಪಾ ತಮ್ಮಾ, ಮನಸಿಗೆ ಹಚ್ಚಿಕೋಬ್ಯಾಡ," ಎಂದರು. ಅವರು ಮತ್ತೆ ಸೀರೆಗೆ ಫಾಲ್ ಹಚ್ಚತೊಡಗಿದರು. ಮರುವರ್ಷದ ಖಂಡೇನವಮಿಗೆ ಅವರ ಮನೆಗೆ ಹೋಗಿದ್ದೆ. ಹೊಲಿಗೆ ಯಂತ್ರದ ಪಕ್ಕದಲ್ಲಿ ನೆಲದ ಮೇಲೆ ಒಂದು ಹೂ ಇಟ್ಟಿದ್ದರು. ಯಂತ್ರಕ್ಕೆ ಏನೂ ಹಚ್ಚಿರಲಿಲ್ಲ.

ಆಮೇಲೆ ನಾನು ಬೇರೆ ಕಂಪನಿ ಸೇರಿದೆ, ದೊಡ್ಡ ಹುದ್ದೆಗೂ ಏರಿದೆ. ಹೊಸದಾಗಿ ಬಂದವರಿಗೆ ಈ ಬೈನರಿ ಫೈಲಿನ ಪಾಠವನ್ನು ನಾನೇ ಮಾಡುತ್ತೇನೆ. ಚಿತ್ರ, ಧ್ವನಿ, ಏನೇ ಇರಲಿ, ಸೇರಿಸುವಾಗಲೇ ಹೇಳಿ, ಒಳಗೆ ಹಾಕಿದ್ದನ್ನು ಅದೇ ದಿನ ಹೊರಗೆ ತೆಗೆದು ಮೂಲದೊಂದಿಗೆ ಹೋಲಿಸಿ, ಹೋಲಿಸುವವರೆಗೆ ಮೂಲವನ್ನು ಅಳಿಸಬೇಡಿ. ಉದಾಹರಣೆಗೆ ಒಂದು ಆಫೀಸಿನಲ್ಲಿ ಹೀಗಾಗಿತ್ತು ಎಂದು ಕಥೆ ಹೇಳುತ್ತೇನೆ. ಯಾರು ಮಾಡಿದರೆಂದು ಹೇಳುವುದಿಲ್ಲ. ಎಲ್ಲರೂ ನಗುತ್ತಾರೆ.

ಇಷ್ಟು ವರ್ಷ ಸುಮ್ಮನಿದ್ದವನು ಈಗ ಯಾಕೆ ಬರೆಯುತ್ತಿದ್ದೇನೆಂದರೆ, ಕಳೆದ ತಿಂಗಳು ಶಾಂತಕ್ಕನ ಮನೆಗೆ ಹೋಗಿದ್ದೆ. ವಿದ್ಯಾ ಈಗ ಕಾಲೇಜು ಮುಗಿಸಿ ಬ್ಯಾಂಕಿನ ಪರೀಕ್ಷೆಗೆ ಓದುತ್ತಿದ್ದಾಳೆ. ಮನೆಗೊಂದು ಕಂಪ್ಯೂಟರು ಬಂದಿದೆ, ಜೊತೆಗೆ ಸ್ಕ್ಯಾನರು. ಅವಳ ಅರ್ಜಿಗೆ ಒಂದು ಫೋಟೋ ಸ್ಕ್ಯಾನ್ ಆಗಬೇಕಿತ್ತು, ಅವಳ ಎರಡೂ ಕೈಗೆ ಮೆಹಂದಿ. ನೀವೇ ಮಾಡಬಾರದೇ ಅಕ್ಕಾ ಎಂದೆ, ಬಾಯಿತಪ್ಪಿ. ಶಾಂತಕ್ಕ ಕೈ ಹಿಂದಕ್ಕೆ ಎಳೆದುಕೊಂಡರು.

"ಮಮ್ಮಿ ಮಶೀನ್ ಮುಟ್ಟಂಗಿಲ್ಲ ಮಾಮಾ," ಎಂದಳು ವಿದ್ಯಾ ನಗುತ್ತಾ. "ಒಮ್ಮೆ ಪೂಜಾ ಮಾಡಿ ಪೂರಾ ಪ್ರಾಜೆಕ್ಟ್ ಬರಬಾದ್ ಮಾಡ್ಯಾಳ, ಮಾಲೂಮ್ ಐತಲ್ಲ ನಿಮಗ?"

ಒಳಕೋಣೆಯಿಂದ ಅವಳ ಅಪ್ಪನೂ ನಕ್ಕರು. ಇದು ಆ ಮನೆಯ ಹಳೆಯ ತಮಾಷೆ ಎಂದು ನನಗೆ ಗೊತ್ತೇ ಇರಲಿಲ್ಲ. ಶಾಂತಕ್ಕನೂ ನಕ್ಕರು. ನಕ್ಕು, ನನ್ನ ಕಡೆ ಕೈ ತೋರಿಸಿ, "ಅವತ್ತ ಇಂವ ಇದ್ದಾಂತ ನಾ ಪಾರಾದೆ. ಇಲ್ಲಂದ್ರ ಮಾಲಕ ಅವತ್ತ ಮನಿಗೆ ಕಳಸ್ತಿದ್ದ," ಎಂದರು. ಚಹಾ ಇಡಲು ಎದ್ದು ಹೋದರು. ಆ ಚಿತ್ರ ನಾನೇ ಸ್ಕ್ಯಾನ್ ಮಾಡಿಕೊಟ್ಟೆ, ಚಹಾ ಕುಡಿದೆ, ಮನೆಗೆ ಬಂದೆ.

ಯಾಕೆ ಹೇಳಲಿಲ್ಲ ಎಂದು ಅವರು ಕೇಳಿದರೆ ಏನು ಹೇಳಲಿ ಎಂದು ತಿಂಗಳಿಡೀ ಯೋಚಿಸಿದೆ. ವಯಸ್ಸು ಚಿಕ್ಕದಿತ್ತು ಎಂದು ಬರೆದು ಹೊಡೆದುಹಾಕಿದೆ. ಹೆದರಿದ್ದೆ ಎಂದು ಬರೆದು, ಅದನ್ನೂ ಹೊಡೆದುಹಾಕಿದೆ. ಉತ್ತರವಿಲ್ಲ. ಉತ್ತರವಿಲ್ಲದೆಯೇ ಹೋಗಬೇಕು. ವಿದ್ಯಾ ಮತ್ತು ಅವಳ ಅಪ್ಪ ಇಬ್ಬರೂ ಮನೆಯಲ್ಲಿರುವ ದಿನ ನೋಡಿ ಹೋಗಬೇಕು, ಆ ಮಾತಿಗೆ ನಕ್ಕವರೆಲ್ಲ ಕೇಳಿಸಿಕೊಳ್ಳಬೇಕು. ದೇವಧರ ಸಾಹೇಬರಿಗೂ ಒಂದು ಪತ್ರ ಬರೆದಿಟ್ಟಿದ್ದೇನೆ, ಮರಾಠಿಯಲ್ಲಿ, ಈ ಸಲ ಒಂದು ಮಾತನ್ನೂ ಬಿಡದೆ. ಅದನ್ನು ಮೊದಲು ಅಕ್ಕನಿಗೆ ಓದಿ ಹೇಳಿ ಆಮೇಲೆ ಅಂಚೆಗೆ ಹಾಕುತ್ತೇನೆ. ಅವರು ಬೈದರೆ ಬೈಸಿಕೊಳ್ಳುತ್ತೇನೆ, ಮತ್ತೆ ಬರಬೇಡ ಎಂದರೆ ಬರುವುದಿಲ್ಲ.

ನಾಳೆ ಭಾನುವಾರ. ಹೊಸ್ತಿಲು ದಾಟಿದ ಕೂಡಲೇ ಚಹಾ ಬೇಡ ಅಕ್ಕಾ ಎಂದು ಮೊದಲು ಹೇಳಬೇಕು. ಅವರ ಕೈಯ ಚಹಾ ಕುಡಿದ ಮೇಲೆ ನಾನು ಹೇಳುವುದಿಲ್ಲ. ಏಳು ವರ್ಷದಿಂದ ಕುಡಿಯುತ್ತಿದ್ದೇನೆ, ನನಗೆ ಗೊತ್ತು.